ಗಿಗಾಹರ್ಟ್ಸ್‌ನಿಂದ ಕ್ಯಾಶ್‌ವರೆಗೆ: ಆನ್‌ಲೈನ್ ಆಟಕ್ಕೆ ಪ್ರೊಸೆಸರ್

1996ರಲ್ಲಿ ಕ್ವೇಕ್ ಎಂಬ ಶೂಟಿಂಗ್ ಆಟ ಬಂದಾಗ ಅದರ ಚಿತ್ರವನ್ನೆಲ್ಲ ಪ್ರೊಸೆಸರೇ ಬಿಡಿಸಬೇಕಿತ್ತು. ದಶಮಾಂಶ ಲೆಕ್ಕದಲ್ಲಿ ಪೆಂಟಿಯಮ್ ಚುರುಕು. ಕಚೇರಿ ಕೆಲಸದಲ್ಲಿ ಅದಕ್ಕೆ ಸರಿಸಾಟಿಯಾಗಿದ್ದ ಸೈರಿಕ್ಸ್ 6ಎಕ್ಸ್86 ಈ ಆಟದಲ್ಲಿ ಮಾತ್ರ ಏದುಸಿರು ಬಿಟ್ಟಿತು. ಅದೇ ವರ್ಷದ ಕೊನೆಗೆ ಬಂದ ಕ್ವೇಕ್‌ವರ್ಲ್ಡ್‌ನಲ್ಲಿ ಕ್ವೇಕ್‌ನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಇನ್ನೊಂದು ಹೊರೆ ಸೇರಿಸಿದರು: ಸರ್ವರ್‌ನ ಉತ್ತರ ಬರುವ ಮೊದಲೇ ಆಟಗಾರನ ಮುಂದಿನ ಹೆಜ್ಜೆಯನ್ನು ಅವನ ಕಂಪ್ಯೂಟರೇ ಊಹಿಸಿ ತೋರಿಸಬೇಕು. ಇಂದಿನ ಶೂಟಿಂಗ್ ಆಟಗಳೂ ಇದೇ ದಾರಿಯಲ್ಲಿವೆ.

ಆಮೇಲೆ ಗಿಗಾಹರ್ಟ್ಸ್ ಪೈಪೋಟಿ. ಇಂಟೆಲ್‌ನ ಪೆಂಟಿಯಮ್ 4 ವೇಗ 3.8 ಗಿಗಾಹರ್ಟ್ಸ್‌ವರೆಗೆ ಏರಿತು. 4 ಗಿಗಾಹರ್ಟ್ಸ್ ಚಿಪ್ಪಿನ ಯೋಜನೆಯನ್ನು 2004ರಲ್ಲಿ ಕಂಪನಿಯೇ ಕೈಬಿಟ್ಟಿತು. 2003ರಲ್ಲಿ ಬಂದ ಎಎಂಡಿಯ ಅಥ್ಲಾನ್ 64 ಪೆಂಟಿಯಮ್ 4ಕ್ಕಿಂತ ಎಷ್ಟೋ ಕಡಿಮೆ ವೇಗದಲ್ಲಿ ಓಡುತ್ತಲೇ ಆಟಗಳಲ್ಲಿ ಮುಂದಿತ್ತು. ಮೆಮೊರಿ ನಿಯಂತ್ರಕವನ್ನು ಚಿಪ್ಪಿನೊಳಗೇ ಇಟ್ಟಿದ್ದರಿಂದ ಮಾಹಿತಿಗಾಗಿ ಕಾಯುವ ಹೊತ್ತು ತಗ್ಗಿತ್ತು. ಈ ಕ್ಷೇತ್ರದ ಅತಿ ಮುಖ್ಯ ಪಾಠ ಅಲ್ಲೇ ಸಿಕ್ಕಿತ್ತೆಂದು ನನ್ನ ನಂಬಿಕೆ. ಆದರೆ ಮಾರುಕಟ್ಟೆ ಕೋರ್‌ಗಳ ಎಣಿಕೆಯತ್ತ ಹೊರಳಿತು. 2011ರ ಎಎಂಡಿ ಎಫ್‌ಎಕ್ಸ್-8150ಯನ್ನು ಎಂಟು ಕೋರ್‌ಗಳ ಹೆಸರಿನಲ್ಲಿ ಮಾರಿದರು. ಒಂದೆರಡು ಕೋರ್‌ಗಳನ್ನೇ ನೆಚ್ಚಿದ್ದ ಸ್ಟಾರ್‌ಕ್ರಾಫ್ಟ್ 2ರಂಥ ಆಟಗಳಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ಕಾಯುವ ಹೊತ್ತು ಆಟಕ್ಕೆ ಏಕೆ ಮುಖ್ಯ? ಪಬ್‌ಜಿಯಲ್ಲಿ ವಿಮಾನದಿಂದ ಹಾರಿದ ಹತ್ತಾರು ಜನ ಒಂದೇ ಊರಿಗೆ ಇಳಿಯುವ ಗಳಿಗೆಯನ್ನು ನೋಡಿ. 144 ಹರ್ಟ್ಸ್ ಮಾನಿಟರ್‌ಗೆ ಪ್ರತಿ ಫ್ರೇಮ್ 7 ಮಿಲಿಸೆಕೆಂಡಿನೊಳಗೆ ತಯಾರಾಗಬೇಕು. ಅಷ್ಟರಲ್ಲಿ ಸರ್ವರ್ ಕಳಿಸಿದ್ದನ್ನು ಓದಿ, ಪ್ರತಿಯೊಬ್ಬರೂ ಎಲ್ಲಿದ್ದಾರೆಂದು ಅಂದಾಜಿಸಿ, ಅವರ ಕೈಕಾಲುಗಳ ಚಲನೆ ಲೆಕ್ಕಹಾಕಿ, ಏನೇನು ಬಿಡಿಸಬೇಕೆಂದು ಗ್ರಾಫಿಕ್ಸ್ ಕಾರ್ಡಿಗೆ ಹೇಳಬೇಕು. ಬೇಕಾದ ಮಾಹಿತಿ ಮೆಮೊರಿಯಲ್ಲಿ ಚದುರಿರುತ್ತದೆ; ಒಂದೊಂದನ್ನೂ ರ‍್ಯಾಮ್‌ನಿಂದ ತರುವಷ್ಟರಲ್ಲಿ ಕೋರ್ ಸುಮ್ಮನೆ ಕಾಯುತ್ತಿರುತ್ತದೆ. ಕೋರ್ ಪಕ್ಕದಲ್ಲೇ ಇರುವ ಚುರುಕಾದ ಪುಟ್ಟ ಮೆಮೊರಿಯಾದ ಕ್ಯಾಶ್‌ನಲ್ಲೇ ಸಿಕ್ಕರೆ ಕಾಯುವುದು ತಪ್ಪುತ್ತದೆ. 2020ರಲ್ಲಿ ಎಎಂಡಿ ತನ್ನ ರೈಜೆನ್ ಚಿಪ್ಪುಗಳಲ್ಲಿ ಎಂಟು ಕೋರ್‌ಗಳಿಗೂ ಸೇರಿ 32 ಎಂಬಿ ಎಲ್3 ಕ್ಯಾಶ್ ಕೊಟ್ಟಿತು. 2022ರ ರೈಜೆನ್ 7 5800ಎಕ್ಸ್3ಡಿಯಲ್ಲಿ ಅದರ ಮೇಲೆ ಇನ್ನೂ 64 ಎಂಬಿಯ ಪದರ ಕೂರಿಸಿತು. ಈ ಚಿಪ್ಪಿನ ವೇಗ ಮಾಮೂಲಿ 5800ಎಕ್ಸ್‌ಗಿಂತ ಕಡಿಮೆ, ಆಟದಲ್ಲಿ ಮಾತ್ರ ಸ್ಪಷ್ಟವಾಗಿ ಮೇಲು. 2023ರ 7800ಎಕ್ಸ್3ಡಿ, 2024ರ 9800ಎಕ್ಸ್3ಡಿ ಇದೇ ವಂಶದವು.

ಹಾಗೆಂದು ಎಲ್ಲರೂ ಇಂಥ ಚಿಪ್ಪಿಗೆ ದುಡ್ಡು ಸುರಿಯಬೇಕಿಲ್ಲ. 60 ಹರ್ಟ್ಸ್ ಮಾನಿಟರ್ ಇದ್ದವರಿಗೆ ಈಚಿನ ಆರು ಕೋರ್‌ಗಳ ಸಾಧಾರಣ ಚಿಪ್ ಧಾರಾಳ. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2 ಪಟುಗಳು ಚಿತ್ರದ ಗುಣಮಟ್ಟವನ್ನು ಬೇಕೆಂದೇ ಇಳಿಸಿಕೊಳ್ಳುತ್ತಾರೆ. ಆಗ ಗ್ರಾಫಿಕ್ಸ್ ಕಾರ್ಡ್ ಹಗುರಾಗಿ, ಎಷ್ಟು ಫ್ರೇಮ್ ಎಂಬುದನ್ನು ಹೆಚ್ಚಾಗಿ ಪ್ರೊಸೆಸರೇ ತೀರ್ಮಾನಿಸುತ್ತದೆ. ವಿಮರ್ಶೆ ಓದುವಾಗ ಸರಾಸರಿ ಫ್ರೇಮ್ ಸಂಖ್ಯೆಗೆ ಮರುಳಾಗಬೇಡಿ. ಅತಿ ನಿಧಾನದ ಶೇ. 1 ಫ್ರೇಮ್‌ಗಳ ಲೆಕ್ಕ ನೋಡಿ. ಗುಂಡು ಹಾರಿಸುವ ಹೊತ್ತಿಗೆ ಆಟ ತಡವರಿಸುತ್ತದೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಇಂಟರ್‌ನೆಟ್ ಪಿಂಗ್, ಅಂದರೆ ಸರ್ವರ್‌ಗೆ ಸಂದೇಶ ಹೋಗಿಬರುವ ಸಮಯ, ಹೆಚ್ಚಿದ್ದರೆ ಮಾತ್ರ ಯಾವ ಚಿಪ್ಪೂ ನೆರವಿಗೆ ಬಾರದು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಬೇರೆಲ್ಲೋ ಸೆಕೆಂಡ್ ಹ್ಯಾಂಡ್ ಚಿಪ್ ಕೊಳ್ಳುವವರು ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಐ7, ಐ9ಗಳ ಬಗ್ಗೆ ಎಚ್ಚರ ವಹಿಸಿ. ಅವುಗಳಲ್ಲಿ ಹಲವು ಹೆಚ್ಚಿನ ವೋಲ್ಟೇಜ್‌ಗೆ ಸಿಕ್ಕಿ ಸವೆದವು. 2024ರ ಆಗಸ್ಟ್‌ನಿಂದ ಬಂದ ಬಯಾಸ್ ಅಪ್‌ಡೇಟ್ ಹೊಸ ಹಾನಿಯನ್ನು ತಡೆಯುವುದಕ್ಕಷ್ಟೇ, ಈಗಾಗಲೇ ಕೆಟ್ಟಿರುವ ಚಿಪ್ಪನ್ನು ಅದು ಸರಿಪಡಿಸುವುದಿಲ್ಲ.