ಬೆಂಕಿಪುರದ ಕುಲುಮೆ, ಬೆಂಗಳೂರಿನ ಕಾಲೇಜು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ - ಮಲೆನಾಡಿನ ಈ ಮೂರು ತಾಲ್ಲೂಕುಗಳಲ್ಲಿ ಇಂದು ಒಂದೂ ರೈಲು ನಿಲ್ದಾಣವಿಲ್ಲ. ರೈಲು ಹತ್ತಬೇಕಾದವರು ಬಸ್ಸಿನಲ್ಲಿ ಶಿವಮೊಗ್ಗಕ್ಕೋ ತರೀಕೆರೆಗೋ ಹೋಗಬೇಕು. ಹಿಂದೆ ಹೀಗಿರಲಿಲ್ಲ. ತರೀಕೆರೆಯಿಂದ ಲಕ್ಕವಳ್ಳಿಯ ದಟ್ಟ ಕಾಡಿನ ನಡುವೆ ಎರಡಡಿ ಅಗಲದ ಹಳಿಗಳ ಮೇಲೆ ಪುಟ್ಟ ರೈಲೊಂದು ನರಸಿಂಹರಾಜಪುರದವರೆಗೆ ಓಡುತ್ತಿತ್ತು. ಎಡೇಹಳ್ಳಿ ಎಂಬ ಹಳೆಯ ಹೆಸರು ಹೋಗಿ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಹೆಸರು ಈ ಊರಿಗೆ ಬಂದದ್ದೂ ಆ ಕಾಲದಲ್ಲೇ. ಸಂಸ್ಥಾನದ ಕಣ್ಣು ಆಗ ಮಲೆನಾಡಿನ ಕಾಡಿನ ಮೇಲಿತ್ತು. ಅದಿರು ಕರಗಿಸಲು ಮರ ಬೇಕಿತ್ತು. ಕರಗಿಸುವ ವಿದ್ಯೆ ಬಲ್ಲ ಜನರೂ ಬೇಕಿತ್ತು. ಕಾಡು, ಕಾರ್ಖಾನೆ, ಕಾಲೇಜು ಈ ಮೂರೂ ಒಂದೇ ಕಥೆಯ ಭಾಗಗಳಾದದ್ದು ಹೀಗೆ.

ಎಂಜಿನಿಯರಿಂಗ್ ಶಾಲೆ ಯಾರಿಗಾಗಿ ಎಂಬ ಪ್ರಶ್ನೆ ಮೈಸೂರಿಗಿಂತ ಬಹಳ ಹಿಂದೆಯೇ ಫ್ರಾನ್ಸಿನಲ್ಲಿ ಎದ್ದಿತ್ತು. ರಸ್ತೆ, ಸೇತುವೆಗಳನ್ನು ಕಟ್ಟುವವರನ್ನು ತರಬೇತುಗೊಳಿಸಲು ಪ್ಯಾರಿಸ್ಸಿನಲ್ಲಿ 1747ರಲ್ಲೇ ಶಾಲೆಯೊಂದು ಆರಂಭವಾಗಿತ್ತು. ಮಹಾಕ್ರಾಂತಿಯ ನಂತರ, 1794ರಲ್ಲಿ, ಪ್ರಸಿದ್ಧ ಎಕೋಲ್ ಪಾಲಿಟೆಕ್ನಿಕ್ ಹುಟ್ಟಿತು. ಇವೆಲ್ಲ ಮುಖ್ಯವಾಗಿ ಸರ್ಕಾರಕ್ಕೆ ಮತ್ತು ಸೈನ್ಯಕ್ಕೆ ಬೇಕಾದ ಎಂಜಿನಿಯರುಗಳನ್ನು ಕೊಡುತ್ತಿದ್ದವು. ಗಿರಣಿ, ಗಾಜಿನ ಕಾರ್ಖಾನೆ, ಕಬ್ಬಿಣದ ಕುಲುಮೆಗಳನ್ನು ನಡೆಸುವವರನ್ನು ಕೊಡುವ ಶಾಲೆ ಬೇರೆಯೇ ಬೇಕೆಂದು ಉದ್ಯಮಿ ಅಲ್ಫೋನ್ಸ್ ಲವಾಲೆ ಹಾಗೂ ರಸಾಯನಶಾಸ್ತ್ರಜ್ಞ ಡ್ಯೂಮಾ, ಭೌತವಿಜ್ಞಾನಿ ಪೆಕ್ಲೆ, ಗಣಿತಜ್ಞ ಒಲಿವಿಯೇ ಎಂಬ ಮೂವರು ವಿದ್ವಾಂಸರು ಸೇರಿ 1829ರಲ್ಲಿ ಎಕೋಲ್ ಸೆಂಟ್ರಲ್ ಎಂಬ ಖಾಸಗಿ ಶಾಲೆಯನ್ನು ತೆರೆದರು.

ವಿಜ್ಞಾನದ ಶಾಖೆಗಳೆಲ್ಲ ಕಾರ್ಖಾನೆಯಲ್ಲಿ ಒಂದಾಗುತ್ತವೆ. ಆದ್ದರಿಂದ ಕಲಿಯುವವನು ಅವೆಲ್ಲವನ್ನೂ ಒಟ್ಟಾಗಿ ಅರಿತಿರಬೇಕು ಎಂಬುದು ಅವರ ನಂಬಿಕೆ. 1857ರಲ್ಲಿ ಶಾಲೆ ಸರ್ಕಾರದ ವಶಕ್ಕೆ ಬಂದರೂ ಉದ್ದೇಶ ಬದಲಾಗಲಿಲ್ಲ. ಪಾಲಿಟೆಕ್ನಿಕ್‌ಗೆ ಪ್ರವೇಶ ಸಿಗದೆ ಇಲ್ಲಿಗೆ ಬಂದು, ರಸಾಯನಶಾಸ್ತ್ರವನ್ನು ಆರಿಸಿಕೊಂಡು, 1855ರಲ್ಲಿ ತೇರ್ಗಡೆಯಾದ ಗುಸ್ತಾವ್ ಐಫೆಲ್ ಕಬ್ಬಿಣದ ಸೇತುವೆಗಳಿಂದ ಹೆಸರು ಮಾಡಿದ. 1889ರಲ್ಲಿ ಪ್ಯಾರಿಸ್ಸಿನಲ್ಲಿ ಮುನ್ನೂರು ಮೀಟರ್ ಎತ್ತರದ ಗೋಪುರ ನಿಲ್ಲಿಸಿದ್ದು ಅವನ ಸಂಸ್ಥೆಯೇ. ಮೋಟಾರು ಕಾರಿನ ಪ್ಯೂಜೋ, ಟೈರಿನ ಮಿಶೆಲಿನ್, ವಿಮಾನದ ಬ್ಲೆರಿಯೋ ಇದೇ ಶಾಲೆಯಲ್ಲಿ ಕಲಿತವರು. ಫ್ರಾನ್ಸಿನ ಉದ್ಯಮದ ಬೆನ್ನೆಲುಬು ಒಂದರ್ಥದಲ್ಲಿ ಈ ಶಾಲೆಯಲ್ಲಿ ತಯಾರಾಯಿತು. 2015ರಲ್ಲಿ ಅದು ಇನ್ನೊಂದು ಸಂಸ್ಥೆಯೊಂದಿಗೆ ವಿಲೀನವಾಗಿ ಸೆಂಟ್ರಲ್‌ಸುಪೆಲೆಕ್ ಎಂಬ ಹೊಸ ಹೆಸರು ಪಡೆಯಿತು.

ಇಲಾಖೆಗೋ, ಉದ್ಯಮಕ್ಕೋ?

ಭಾರತದಲ್ಲಿ ಬ್ರಿಟಿಷರು ತೆರೆದ ಎಂಜಿನಿಯರಿಂಗ್ ಶಾಲೆಗಳು ಮೊದಲ ಬಗೆಯವು. 1847ರಲ್ಲಿ ಆರಂಭವಾದ ರೂರ್ಕಿ ಕಾಲೇಜಿನ ಹಿಂದೆ ಇದ್ದದ್ದು ಗಂಗಾ ಕಾಲುವೆಯ ಕೆಲಸ. 1854ರ ಪುಣೆಯ ಶಾಲೆಯೂ ಲೋಕೋಪಯೋಗಿ ಇಲಾಖೆಗೆ ಬೇಕಾದವರಿಗಾಗಿಯೇ ಹುಟ್ಟಿದ್ದು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಓದಿ 1883ರಲ್ಲಿ ಪ್ರಥಮ ಸ್ಥಾನದಲ್ಲಿ ತೇರ್ಗಡೆಯಾಗಿ, ಮರುವರ್ಷ ಮುಂಬಯಿ ಪ್ರಾಂತ್ಯದ ಇದೇ ಇಲಾಖೆಗೆ ಸೇರಿದರು. 1898ರಲ್ಲಿ ಜಪಾನಿಗೆ ಹೋಗಿ ಬಂದ ಮೇಲೆ ಶಿಕ್ಷಣ ಮತ್ತು ಕೈಗಾರಿಕೆ ಜೊತೆಜೊತೆಯಾಗಿ ಸಾಗಬೇಕೆಂಬ ವಿಚಾರ ಅವರಲ್ಲಿ ಗಟ್ಟಿಯಾಯಿತು. 1912ರಲ್ಲಿ ಮೈಸೂರಿನ ದಿವಾನರಾದಾಗ ಅದನ್ನು ಕಾರ್ಯರೂಪಕ್ಕೆ ತರುವ ಅವಕಾಶ ಸಿಕ್ಕಿತು.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1917ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಈಗ ಯು.ವಿ.ಸಿ.ಇ. ಎಂದು ಕರೆಯುವುದು ಇದನ್ನೇ. ಮರುವರ್ಷವೇ, 1918ರಲ್ಲಿ, ಕಬ್ಬಿಣದ ಕಾರ್ಖಾನೆಗೆ ಮಂಜೂರಾತಿ ದೊರೆಯಿತು. ಪ್ಯಾರಿಸ್ಸಿನ ಶಾಲೆಗೂ ಬೆಂಗಳೂರಿನ ಕಾಲೇಜಿಗೂ ನೇರ ಸಂಬಂಧವೇನೂ ಇಲ್ಲ. ಎರಡೂ ಕಡೆ ಎದುರಾದ ಪ್ರಶ್ನೆ ಮಾತ್ರ ಒಂದೇ.

ಕಾರ್ಖಾನೆಗೆ ಆರಿಸಿದ ಸ್ಥಳ ಭದ್ರಾ ನದಿಯ ದಡದ ಬೆಂಕಿಪುರ, ಅಂದರೆ ಇಂದಿನ ಭದ್ರಾವತಿ. ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರಿತ್ತು. ಹತ್ತಿರದಲ್ಲೇ ಸುಣ್ಣಕಲ್ಲು, ಪಕ್ಕದಲ್ಲೇ ನದಿ. ಇಲ್ಲದ್ದು ಕಲ್ಲಿದ್ದಲು ಒಂದೇ. ಅದನ್ನು ಬಂಗಾಳ, ಬಿಹಾರಗಳಿಂದ ತರಿಸುವುದು ದುಬಾರಿ. ಹಾಗಾಗಿ ಶಿವಮೊಗ್ಗ ಮತ್ತು ಅಂದಿನ ಕಡೂರು ಜಿಲ್ಲೆಗಳ ಕಾಡಿನ ಮರವನ್ನೇ ಇದ್ದಿಲು ಮಾಡಿ ಕಬ್ಬಿಣ ಕರಗಿಸುವುದೆಂದು ತೀರ್ಮಾನವಾಯಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳು ಆಗ ಕಡೂರು ಜಿಲ್ಲೆಗೆ ಸೇರಿದ್ದವು.

ಮರದಿಂದ ಕಬ್ಬಿಣ

ಮಲೆನಾಡಿನವರಿಗೆ ಇದ್ದಿಲು ಸುಡುವುದು ಹೊಸದಲ್ಲ. ಮಣ್ಣು ಮುಚ್ಚಿದ ಗೂಡಿನಲ್ಲಿ ಸೌದೆ ಬೇಯಿಸಿದರೆ ಇದ್ದಿಲು ಸಿಗುತ್ತದೆ, ಹೊಗೆ ಗಾಳಿಗೆ ಹೋಗುತ್ತದೆ. ಭದ್ರಾವತಿಯಲ್ಲಿ ಆ ಹೊಗೆಯನ್ನೂ ಬಿಡಲಿಲ್ಲ. ಮುಚ್ಚಿದ ಉಕ್ಕಿನ ಕೋಣೆಗಳಲ್ಲಿ ಮರವನ್ನು ಕಾಯಿಸಿ, ಹೊರಬಂದ ಆವಿಯನ್ನು ತಣಿಸಿ, ಅದರಿಂದ ಮರದ ಸ್ಪಿರಿಟ್, ಸುಣ್ಣದ ಅಸಿಟೇಟ್, ಟಾರು ಮುಂತಾದವನ್ನು ತೆಗೆಯುವ ಘಟಕವನ್ನು ಕಟ್ಟಲಾಯಿತು. ಉಳಿದ ಇದ್ದಿಲು ಊದುಕುಲುಮೆಗೆ ಹೋಗುತ್ತಿತ್ತು. ಇದ್ದಿಲಿನಲ್ಲಿ ಗಂಧಕದ ಅಂಶ ತೀರ ಕಡಿಮೆ; ಅದರಿಂದ ಇಲ್ಲಿನ ಬೀಡುಕಬ್ಬಿಣಕ್ಕೆ ಗುಣಮಟ್ಟದ ಹೆಸರು ಬಂತು.

ಆದರೆ ಲೆಕ್ಕ ಕಠಿಣವಾದದ್ದು. ಒಂದು ಟನ್ ಕಬ್ಬಿಣಕ್ಕೆ ಸುಮಾರು ಒಂದು ಟನ್ ಇದ್ದಿಲು, ಒಂದು ಟನ್ ಇದ್ದಿಲಿಗೆ ಸುಮಾರು ನಾಲ್ಕು ಟನ್ ಮರ. ದಿನಕ್ಕೆ 60 ಟನ್ ಕಬ್ಬಿಣ ತೆಗೆಯುವ ಕುಲುಮೆಗೆ ದಿನವೂ 200 ಟನ್ನಿಗೂ ಹೆಚ್ಚು ಮರ ಬೇಕು. ಕಾಡಿನ ಒಳಗೆ ಟ್ರಾಮ್ ಹಳಿಗಳು ಹಾಸಲ್ಪಟ್ಟದ್ದು ಈ ಹಸಿವಿಗಾಗಿ.

1923ರ ಜನವರಿಯಲ್ಲಿ ಕುಲುಮೆ ಉರಿಯತೊಡಗಿತು. ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿದ್ದ ಕಾಲ ಅದು. ಕಾರ್ಖಾನೆ ನಷ್ಟಕ್ಕೆ ಬಿತ್ತು. ದೊಡ್ಡ ತಪ್ಪಾಯಿತೆಂಬ ಟೀಕೆ ಕೇಳಿಬಂತು. ದಿವಾನಗಿರಿ ಬಿಟ್ಟು ನಾಲ್ಕು ವರ್ಷಗಳಾಗಿದ್ದ ವಿಶ್ವೇಶ್ವರಯ್ಯನವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತೆ ಕರೆದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. 1929ರವರೆಗೆ ಅವರು ಆ ಹೊಣೆ ಹೊತ್ತರು. ಅವರು ಮಾಡಿದ ಮುಖ್ಯ ಕೆಲಸವೆಂದರೆ ಅಮೆರಿಕದಿಂದ ಬಂದಿದ್ದ ತಜ್ಞರ ಸ್ಥಾನಗಳಿಗೆ ಹಂತಹಂತವಾಗಿ ಇಲ್ಲಿಯವರನ್ನೇ ತರಬೇತು ಮಾಡಿ ತಂದದ್ದು. ತರಗತಿಯಲ್ಲಿ ಕಲಿತದ್ದು ಕುಲುಮೆಯ ಮುಂದೆ ಪರೀಕ್ಷೆಗೆ ನಿಂತಿತು. ಕಾರ್ಖಾನೆಯೇ ಎರಡನೆಯ ಕಾಲೇಜಾಯಿತು. ಮುಂದೆ 1936ರಲ್ಲಿ ಉಕ್ಕು, ಅದರ ಹಿಂದೆಯೇ ಸಿಮೆಂಟು, ಫೆರೋಸಿಲಿಕಾನ್ ತಯಾರಿಕೆ ಸಾಧ್ಯವಾದದ್ದು ಈ ಬುನಾದಿಯ ಮೇಲೆ.

ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಿದ್ದ ಹಣವನ್ನು ವಿಶ್ವೇಶ್ವರಯ್ಯನವರು ತೆಗೆದುಕೊಳ್ಳಲಿಲ್ಲ. ಕುಶಲ ಕೆಲಸಗಾರರನ್ನು ತಯಾರು ಮಾಡುವ ಶಾಲೆಗೆ ಅದನ್ನು ಬಳಸಬೇಕೆಂದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ, ಇಂದಿನ ಎಸ್.ಜೆ. ಪಾಲಿಟೆಕ್ನಿಕ್, ಹೀಗೆ ಹುಟ್ಟಿತು. ಕಾಲೇಜು ಕಾರ್ಖಾನೆಗೆ ಜನರನ್ನು ಕೊಡುವುದು ಎಲ್ಲೆಡೆ ಕಾಣುವ ಸಂಗತಿ. ಕಾರ್ಖಾನೆಯೊಂದರ ಸಂಬಳ ಶಾಲೆಯಾಗಿ ಬೆಳೆದದ್ದು ಅಪರೂಪ.

ಮಲೆನಾಡು ಕೊಟ್ಟದ್ದು, ಪಡೆದದ್ದು

1948ರಲ್ಲಿ ಜೋಗದ ವಿದ್ಯುತ್ ಬಂದ ಬಳಿಕ, 1950ರ ದಶಕದಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ನಿಂತವು. ಮರದ ಅಗತ್ಯ ಕುಗ್ಗಿತು. ಅಷ್ಟರಲ್ಲಿ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಏಳುತ್ತಿತ್ತು. ಬಯಲುಸೀಮೆಗೆ ನೀರು ಸಿಕ್ಕಿತು. ನರಸಿಂಹರಾಜಪುರದ ಸುತ್ತಲಿನ ಗದ್ದೆ ತೋಟಗಳು ಹಿನ್ನೀರಿನ ಪಾಲಾದವು, ಎಷ್ಟೋ ಕುಟುಂಬಗಳು ಎದ್ದುಹೋದವು. ಪುಟ್ಟ ರೈಲೂ ನೆನಪಾಯಿತು. ಮೊದಲು ಮರ, ಆಮೇಲೆ ನೆಲ - ನಾಡಿನ ಉದ್ಯಮಕ್ಕೂ ನೀರಾವರಿಗೂ ಮಲೆನಾಡು ಎರಡು ಸಲ ಬೆಲೆ ತೆತ್ತಿತು.

ಇದಕ್ಕೆ ಪ್ರತಿಯಾಗಿ ಬಂದದ್ದೇನು? 1960ರಲ್ಲಿ ಹಾಸನದಲ್ಲಿ ಮಲೆನಾಡಿನ ಹೆಸರಿನ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಮುಂದೆ ಶಿವಮೊಗ್ಗ, ಚಿಕ್ಕಮಗಳೂರುಗಳಲ್ಲೂ ಕಾಲೇಜುಗಳಾದವು. ಕೊಪ್ಪ, ಶೃಂಗೇರಿಯ ಅಡಿಕೆ ತೋಟಗಳ ಮನೆಗಳಿಂದ ಎಂಜಿನಿಯರುಗಳು ಹೊರಟರು. ಆದರೆ ಅವರ ದಾರಿ ಬೆಂಗಳೂರಿಗೆ, ಅಲ್ಲಿಂದ ವಿದೇಶಕ್ಕೆ, ಭದ್ರಾವತಿಗಲ್ಲ. ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಧರಣಿ ಕುಳಿತರು. ಅದೇ ವರ್ಷ ಒಂದಷ್ಟು ಕೆಲಸ ಮತ್ತೆ ಶುರುವಾಯಿತಾದರೂ ಹಳೆಯ ವೈಭವ ಮರಳಲಿಲ್ಲ.

ಪ್ಯಾರಿಸ್ಸಿನ ಶಾಲೆ ಎರಡು ಶತಮಾನ ಬಾಳಿದ್ದಕ್ಕೆ ಕಾರಣ ಅದರ ಕಟ್ಟಡವಲ್ಲ, ಪದವಿಯ ಹೆಸರೂ ಅಲ್ಲ. ಸುತ್ತಲಿನ ಉದ್ಯಮದೊಂದಿಗೆ ಅದು ಕಡಿದುಕೊಳ್ಳದ ನಂಟು. ಮೈಸೂರು ಸಂಸ್ಥಾನ 1917 ಮತ್ತು 1923ರ ನಡುವೆ ಕಟ್ಟಲು ಹೊರಟದ್ದು ಅಂಥದೇ ನಂಟನ್ನು. ಕಾಲೇಜುಗಳು ಇಂದು ಊರೂರಿಗೂ ಇವೆ. ಅಡಿಕೆ, ಕಾಫಿ, ಮಳೆ, ನದಿಗಳ ಈ ಸೀಮೆಗೆ ಅವುಗಳಲ್ಲಿ ಕಲಿಸುವ ವಿದ್ಯೆ ಏನು ಮಾಡಬಲ್ಲದು ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಮಾತ್ರ ಹಾಗೆಯೇ ಉಳಿದಿದೆ.