ಸುಂಕದವನ ಮುಂದೆ ನಾಲ್ಕು ತಾಲ್ಲೂಕು

ಬೆಂಗಳೂರಿನ ಟ್ರಾಫಿಕ್‌ಗೂ ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಉತ್ತರ ಬಸ್ ಟಿಕೆಟ್ಟಿನಲ್ಲೇ ಇದೆ. ಟೋಲ್ ಗೇಟಿನಲ್ಲಿ ಕೆಎಸ್‌ಆರ್‌ಟಿಸಿ ಕಟ್ಟುವ ಹಣವನ್ನು ಬಳಕೆದಾರರ ಶುಲ್ಕ ಎಂದು ಟಿಕೆಟ್ ದರಕ್ಕೇ ಸೇರಿಸುತ್ತಾರೆ. ಕಾರಿಲ್ಲದ ನಾವೂ ಟೋಲ್ ಕಟ್ಟುತ್ತಲೇ ಇದ್ದೇವೆ. ಹಾಗಾಗಿ ಟೋಲ್ ರಸ್ತೆಗಳ ಇತಿಹಾಸ ನಮ್ಮದೂ ಹೌದು.

ದಾರಿಯಲ್ಲಿ ಹಣ ಎತ್ತುವುದು ಹೊಸದೇನಲ್ಲ. ಹೆಜ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರು ಚಾಲುಕ್ಯ, ಹೊಯ್ಸಳರ ಕಾಲದ ಶಾಸನಗಳಲ್ಲೇ ಸಿಗುತ್ತದೆ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆ ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇದೆ. ಆದರೆ ಆ ಸುಂಕ ಸರಕಿನ ಮೇಲಿನ ತೆರಿಗೆ. ಈಗಿನ ಟೋಲ್ ಬೇರೆ. ಅದು ಒಳ್ಳೆಯ ರಸ್ತೆಯಲ್ಲಿ ಬೇಗ ಹೋಗುವುದಕ್ಕೆ ಕೊಡುವ ಬಾಡಿಗೆ.

ಬೆಂಗಳೂರಿನ ದಟ್ಟಣೆ ಇಳಿಸಲು ಸರ್ಕಾರ ಕಂಪನಿಯೊಂದಿಗೆ ಕೈಜೋಡಿಸಿದ ದೊಡ್ಡ ಪ್ರಯತ್ನ ನೈಸ್ ರಸ್ತೆ. 1995ರಲ್ಲಿ ಒಡಂಬಡಿಕೆ, 1997ರಲ್ಲಿ ಒಪ್ಪಂದ ಆಯಿತು. 20 ಸಾವಿರ ಎಕರೆಗೂ ಹೆಚ್ಚು ಜಮೀನು ಈ ಯೋಜನೆಗೆ ಬೇಕೆಂದು ಬರೆಯಲಾಗಿತ್ತು. ಎಷ್ಟು ಜಮೀನು ಬೇಕು, ಯಾಕೆ ಬೇಕು ಎಂದು ರೈತರು ಹೋರಾಡಿದರು, ಕೋರ್ಟು ಕಚೇರಿ ಅಲೆದಾಟವೂ ಆಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಂದವನ್ನು ಎತ್ತಿಹಿಡಿಯಿತು. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ಊರ ಹೊರಗಿನಿಂದಲೇ ಹೋಗುವ ದಾರಿ ಸಿಕ್ಕಿತು. ಮೈಸೂರಿನವರೆಗೆ ಆಗಬೇಕಿದ್ದ ಎಕ್ಸ್‌ಪ್ರೆಸ್ ರಸ್ತೆ ಮಾತ್ರ ಆಗಲಿಲ್ಲ.

ನಮಗೆ ಇನ್ನೂ ಹತ್ತಿರದ್ದು ನೆಲಮಂಗಲ–ಬೆಂಗಳೂರು ಹೆದ್ದಾರಿ. ಶಿರಾದವರು ತುಮಕೂರಿನ ಮೇಲೆ ಬಂದು, ಪಾವಗಡ, ಮಧುಗಿರಿ, ಕೊರಟಗೆರೆಯವರು ಹೆಚ್ಚಾಗಿ ತುಮಕೂರು ಅಥವಾ ದಾಬಸ್‌ಪೇಟೆಯಲ್ಲಿ ಹೆದ್ದಾರಿ ಸೇರಿ ಇದೇ ದಾರಿ ಹಿಡಿಯುತ್ತಾರೆ. ನಮ್ಮ ಕಡಲೆಕಾಯಿ, ಹುಣಸೆಹಣ್ಣು, ತರಕಾರಿಯ ಲಾರಿಗಳು ಯಶವಂತಪುರದ ಮಾರುಕಟ್ಟೆಗೆ ಹೋಗುವುದೂ ಇಲ್ಲಿಂದಲೇ. ಪೀಣ್ಯದ ಜಾಮ್ ತಪ್ಪಿಸಲು ಇಲ್ಲಿ ಸುಮಾರು 4 ಕಿ.ಮೀ. ಮೇಲ್ಸೇತುವೆ ಕಟ್ಟಿ 2010ರಲ್ಲಿ ಬಿಟ್ಟರು. ಕಂಪನಿ ತನ್ನ ಹಣ, ಸಾಲ ಹಾಕಿ ರಸ್ತೆ ಮಾಡುತ್ತದೆ, ಗೊತ್ತಾದ ವರ್ಷಗಳವರೆಗೆ ಟೋಲ್ ಎತ್ತಿಕೊಳ್ಳುತ್ತದೆ, ಆಮೇಲೆ ಸರ್ಕಾರಕ್ಕೆ ಒಪ್ಪಿಸುತ್ತದೆ. ನಾವು ‘ನವಯುಗ ಟೋಲ್’ ಎನ್ನುವುದು ಆ ಕಂಪನಿಯ ಹೆಸರಿನಿಂದಲೇ.

2021ರ ಡಿಸೆಂಬರ್ 25ರಂದು ಈ ಮೇಲ್ಸೇತುವೆ ಮುಚ್ಚಿತು. 102 ಮತ್ತು 103ನೇ ಕಂಬಗಳ ಹತ್ತಿರ, ಸೇತುವೆಯನ್ನು ಬಿಗಿದು ಹಿಡಿದಿದ್ದ ಕೇಬಲ್‌ಗಳು ಕೆಟ್ಟಿದ್ದವು. 2022ರ ಫೆಬ್ರುವರಿಯಲ್ಲಿ ಕಾರುಗಳನ್ನು ಬಿಟ್ಟರು. ಬಸ್ಸು, ಲಾರಿಗಳಿಗೆ ದಾರಿ ಬಿಟ್ಟಿದ್ದು 2024ರ ಜುಲೈ ಕೊನೆಯಲ್ಲಿ, ಅದೂ ಶುಕ್ರವಾರ ಬಿಟ್ಟು. ಅಂದರೆ ಎರಡೂವರೆ ವರ್ಷ ನಮ್ಮ ಬಸ್ಸು, ಲಾರಿಗಳು ಕೆಳಗಿನ ರಸ್ತೆಯಲ್ಲಿ ತೆವಳಿದವು. ಟೋಲ್ ವಸೂಲಿ ಮಾತ್ರ ನಿಲ್ಲಲಿಲ್ಲ.

ಇದನ್ನು ನಮ್ಮದೇ ಇನ್ನೊಂದು ರಸ್ತೆಯ ಜೊತೆ ಇಟ್ಟು ನೋಡಿ. ಕೊರಟಗೆರೆ, ಮಧುಗಿರಿ ದಾಟಿ ಹೋಗುವ ಮಳವಳ್ಳಿ–ಪಾವಗಡ ರಾಜ್ಯ ಹೆದ್ದಾರಿ 33 ಅನ್ನು ಕೆಶಿಪ್ ಯೋಜನೆಯಲ್ಲಿ ಸುಮಾರು 193 ಕಿ.ಮೀ. ಉದ್ದಕ್ಕೆ ಕಂಪನಿಯಿಂದ ಮಾಡಿಸಿದ್ದು ಆನ್ಯುಯಿಟಿ ಪದ್ಧತಿಯಲ್ಲಿ. ಇಲ್ಲಿ ಕಂಪನಿಗೆ ಕಂತು ಕಂತಾಗಿ ಹಣ ಕೊಡುವುದು ಸರ್ಕಾರ. ಬೇಕಾದರೆ ಸರ್ಕಾರ ತಾನೇ ಟೋಲ್ ಎತ್ತಬಹುದು, ಅದು ಬೇರೆ ಮಾತು. ಇಂಥ ಒಪ್ಪಂದಗಳಲ್ಲಿ ರಸ್ತೆ ಓಡಾಟಕ್ಕೆ ಸಿಗದೆ ಹೋದರೆ ಕಂತಿನಲ್ಲಿ ಹಣ ಹಿಡಿದುಕೊಳ್ಳುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಹಣ ಕೊಡುವುದು ಸರ್ಕಾರವಾದಾಗ ಈ ಎಚ್ಚರ. ಹಣ ಕೊಡುವುದು ಬಸ್ಸಿನಲ್ಲಿ ಕೂತವರಾದಾಗ ಅವರ ಪರವಾಗಿ ಹಣ ಹಿಡಿಯುವವರು ಯಾರು?

ಕೇರಳದಲ್ಲಿ ಈ ಪ್ರಶ್ನೆ ಕೋರ್ಟಿಗೆ ಹೋಯಿತು. ತ್ರಿಶ್ಶೂರ್ ಜಿಲ್ಲೆಯ ಪಾಲಿಯೆಕ್ಕರ ಟೋಲ್ ಇರುವ ಹೆದ್ದಾರಿಯಲ್ಲಿ ಗುಂಡಿ, ಜಾಮ್ ಮಿತಿ ಮೀರಿದ್ದಕ್ಕೆ 2025ರ ಆಗಸ್ಟ್ 6ರಂದು ಅಲ್ಲಿನ ಹೈಕೋರ್ಟ್ ಟೋಲ್ ವಸೂಲಿಯನ್ನೇ ತಡೆಯಿತು. ಹೆದ್ದಾರಿ ಪ್ರಾಧಿಕಾರ ಸುಪ್ರೀಂ ಕೋರ್ಟಿಗೆ ಹೋದರೂ ಆಗಸ್ಟ್ 19ರಂದು ಮೇಲ್ಮನವಿ ವಜಾ ಆಯಿತು. ಟೋಲ್ ಮತ್ತೆ ಶುರುವಾಗಿದ್ದು ಅಕ್ಟೋಬರ್‌ನಲ್ಲಿ. ಸುಂಕದವನ ಮುಂದೆ ಹೇಳಿಕೊಂಡ ದುಃಖಕ್ಕೆ ಬೆಲೆ ಇಲ್ಲದಿರಬಹುದು, ನ್ಯಾಯಾಲಯದ ಮುಂದೆ ಇದೆ ಎಂದಾಯಿತು.

ಈಗ ತುಮಕೂರು ರಸ್ತೆಯಿಂದಲೇ ಹೊರಡುವ 73 ಕಿ.ಮೀ. ವರ್ತುಲ ರಸ್ತೆ ‘ಬೆಂಗಳೂರು ಬಿಸಿನೆಸ್ ಕಾರಿಡಾರ್’ ಎಂಬ ಹೊಸ ಹೆಸರಿನಲ್ಲಿ ಬರುತ್ತಿದೆ. ಇದಕ್ಕೂ ನಮ್ಮ ಲಾರಿಗಳು ಹೋಗುತ್ತವೆ. ರಸ್ತೆ ಬೇಡ ಎಂದು ನಾವು ಹೇಳುತ್ತಿಲ್ಲ. ಟೋಲ್ ದರ ಎಷ್ಟು ಎಂದು ಕೇಳುವ ಮೊದಲು, ರಸ್ತೆ ಮುಚ್ಚಿದ ದಿನ ಆ ದರ ಏನಾಗುತ್ತದೆ ಎಂದು ಒಪ್ಪಂದದಲ್ಲಿ ಬರೆದಿದ್ದಾರೆಯೇ ಎಂದು ಕೇಳಬೇಕು. ನಮ್ಮ ಶಾಸಕರನ್ನೂ ಸಂಸದರನ್ನೂ ಕೇಳುವುದಾದರೆ ಸಹಿ ಬೀಳುವ ಮೊದಲೇ ಕೇಳಬೇಕು.