ಕ್ಯಾಂಪಸ್ಸಿನ ಮತಪೆಟ್ಟಿಗೆ: ನಿಯಮ ಬರೆಯುವವರು ಯಾರು?

1989ರ ಮಾರ್ಚ್ 28ರಂದು ಭಾರತದಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದ ಆ ದಿನದಿಂದ ಪದವಿ ತರಗತಿಗಳಲ್ಲಿ ಕುಳಿತಿದ್ದ ಲಕ್ಷಾಂತರ ಹುಡುಗ ಹುಡುಗಿಯರು ದೇಶದ ಮತದಾರರಾದರು. ಅದೇ ವರ್ಷದ ನವೆಂಬರಿನಲ್ಲಿ ಲೋಕಸಭೆಯ ಜೊತೆಗೇ ಕರ್ನಾಟಕ ವಿಧಾನಸಭೆಗೂ ಚುನಾವಣೆ ನಡೆಯಿತು. ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. 1989-90ರ ಆ ಅವಧಿಯಲ್ಲೇ ಅವರ ಸರ್ಕಾರ ರಾಜ್ಯದ ಕಾಲೇಜು ಹಾಗೂ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಸಂಘದ ಚುನಾವಣೆಗಳನ್ನು ನಿಷೇಧಿಸಿತು.

ಶಾಸಕನನ್ನೂ ಸಂಸದನನ್ನೂ ಆರಿಸುವ ಅರ್ಹತೆ ಪಡೆದ ವಿದ್ಯಾರ್ಥಿ, ತನ್ನ ಕಾಲೇಜಿನ ಸಂಘಕ್ಕೆ ಒಬ್ಬ ಕಾರ್ಯದರ್ಶಿಯನ್ನು ಆರಿಸುವ ಅವಕಾಶವನ್ನು ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಳೆದುಕೊಂಡ. ಈ ವೈರುಧ್ಯ ಆಗ ಹೆಚ್ಚಿನವರ ಗಮನಕ್ಕೆ ಬಂದಂತೆ ಕಾಣದು. ಕ್ಯಾಂಪಸ್ಸುಗಳಲ್ಲಿ ಹೊಡೆದಾಟ, ಜಾತಿ ಗುಂಪುಗಳ ಪೈಪೋಟಿ, ರಾಜಕೀಯ ಪಕ್ಷಗಳ ಹಸ್ತಕ್ಷೇಪ ಮಿತಿಮೀರಿವೆ ಎಂಬುದು ನಿಷೇಧಕ್ಕೆ ಮುಂದಿಟ್ಟ ಕಾರಣ. ಆ ಕಾರಣ ಸುಳ್ಳಾಗಿರಲಿಲ್ಲ. ಪೋಷಕರನೇಕರು ನೆಮ್ಮದಿಯ ಉಸಿರು ಬಿಟ್ಟಿದ್ದರೆ ಅದೂ ಸಹಜವೇ.

ಆದರೆ ಚುನಾವಣೆ ಎಂದರೆ ಹೊಡೆದಾಟವೇ ಆಗಬೇಕೆಂದಿದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕುವವರು ದೆಹಲಿಯ ಒಂದು ವಿಶ್ವವಿದ್ಯಾಲಯದ ಇತಿಹಾಸವನ್ನು ನೋಡಬೇಕು.

ವಿದ್ಯಾರ್ಥಿಗಳದೇ ಚುನಾವಣಾ ಆಯೋಗ

ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ (ಜೆಎನ್‌ಯು) ಆರಂಭವಾದದ್ದು 1969ರಲ್ಲಿ. 1970ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳು ತಮ್ಮ ಸಂಘಕ್ಕೆ ತಾವೇ ಒಂದು ಸಂವಿಧಾನ ಬರೆದುಕೊಂಡರು. ಅದರ ಮುಖ್ಯ ಅಂಶವೆಂದರೆ, ಚುನಾವಣೆ ನಡೆಸುವ ಹೊಣೆಯೂ ವಿದ್ಯಾರ್ಥಿಗಳದೇ. ಕುಲಪತಿಯಾಗಲೀ ಪ್ರಾಧ್ಯಾಪಕರಾಗಲೀ ಅದನ್ನು ನಡೆಸುವುದಿಲ್ಲ. ವಿದ್ಯಾರ್ಥಿಗಳ ನಡುವಿನಿಂದಲೇ ಒಂದು ಚುನಾವಣಾ ಆಯೋಗ ರಚನೆಯಾಗುತ್ತದೆ. ನಾಮಪತ್ರ ಸ್ವೀಕರಿಸುವುದು, ಪರಿಶೀಲಿಸುವುದು, ಮತಗಟ್ಟೆ ನೋಡಿಕೊಳ್ಳುವುದು, ಮತ ಎಣಿಸಿ ಫಲಿತಾಂಶ ಘೋಷಿಸುವುದು ಎಲ್ಲವೂ ಆ ಆಯೋಗದ ಕೆಲಸ.

ಅಧ್ಯಕ್ಷ, ಉಪಾಧ್ಯಕ್ಷ, ಪ್ರಧಾನ ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ ಎಂಬ ನಾಲ್ಕು ಸ್ಥಾನಗಳಿಗೆ ಇಡೀ ಕ್ಯಾಂಪಸ್ ಮತ ಹಾಕುತ್ತದೆ. ಇವರಲ್ಲದೆ ಒಂದೊಂದು ಅಧ್ಯಯನ ವಿಭಾಗದಿಂದಲೂ ಕೌನ್ಸಿಲರುಗಳು ಆಯ್ಕೆಯಾಗುತ್ತಾರೆ. ಇಲ್ಲಿ ಸ್ಪರ್ಧಿಗೆ ಜೀಪು, ಫ್ಲೆಕ್ಸು ಬೇಕಾಗಿಲ್ಲ. ಬೇಕಾದದ್ದು ಗಟ್ಟಿ ಕಾಲು, ಗಟ್ಟಿ ಗಂಟಲು. ರಾತ್ರಿ ಊಟದ ಹೊತ್ತಿಗೆ ಹಾಸ್ಟೆಲಿನಿಂದ ಹಾಸ್ಟೆಲಿಗೆ ನಡೆದು, ಮೆಸ್ಸಿನಲ್ಲಿ ಊಟಕ್ಕೆ ಕುಳಿತವರ ಮುಂದೆ ನಿಂತು ಮಾತಾಡಬೇಕು. ಮೇಜಿನ ಮೇಲೆ ಕರಪತ್ರ ಇಡಬೇಕು. ಗೋಡೆಗಳಿಗೆ ಸ್ನೇಹಿತರು ಕೈಯಾರೆ ಬರೆದ ಪೋಸ್ಟರ್ ಅಂಟಿಸಬೇಕು.

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳ ಚರ್ಚೆ. ಪ್ರಚಾರದ ಕೊನೆಯ ಹಂತದಲ್ಲಿ, ರಾತ್ರಿ ಹೊತ್ತು, ಸಾವಿರಾರು ಜನರೆದುರು ಎಲ್ಲ ಅಭ್ಯರ್ಥಿಗಳೂ ಒಂದೇ ವೇದಿಕೆಯಲ್ಲಿ ಕುಳಿತಿರುತ್ತಾರೆ. ಮೊದಲು ಭಾಷಣ. ಆಮೇಲೆ ಒಬ್ಬರಿಗೊಬ್ಬರು ಪ್ರಶ್ನೆ ಹಾಕಬೇಕು. ಬಳಿಕ ಸಭಿಕರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಹಾಸ್ಟೆಲಿನ ನೀರಿನ ಸಮಸ್ಯೆಯಿಂದ ಹಿಡಿದು ವಿದೇಶಾಂಗ ನೀತಿಯವರೆಗೆ ಯಾವ ಪ್ರಶ್ನೆಯೂ ಬರಬಹುದು. ತಡವರಿಸಿದವರಿಗೆ ಕೂಗು, ಸೀಟಿ. ಚುರುಕಾಗಿ ಉತ್ತರಿಸಿದವರಿಗೆ ನಗಾರಿ, ಚಪ್ಪಾಳೆ. ಗೆಲ್ಲಬಹುದಾದ ಅಭ್ಯರ್ಥಿಯೊಬ್ಬ ಒಂದು ಕೆಟ್ಟ ಉತ್ತರದಿಂದ ಮತ ಕಳೆದುಕೊಳ್ಳುವ ಭಯ ಇಲ್ಲಿ ನಿಜವಾದದ್ದು.

ಸ್ಥಾನಕ್ಕೆ ತೆತ್ತ ಬೆಲೆ

ಇದೆಲ್ಲ ಮಕ್ಕಳಾಟವೆಂದು ಭಾವಿಸಿದವರಿಗೆ ತುರ್ತುಪರಿಸ್ಥಿತಿಯ ದಿನಗಳನ್ನು ನೆನಪಿಸಬೇಕಾಗುತ್ತದೆ. 1975ರಲ್ಲಿ ಸಂಘದ ಚುನಾಯಿತ ಕೌನ್ಸಿಲರ್ ಆಗಿದ್ದ ಅಶೋಕ ಲತಾ ಜೈನ್ ಅವರನ್ನು ವಿಶ್ವವಿದ್ಯಾಲಯದಿಂದ ಹೊರಹಾಕಲಾಯಿತು. ಇದನ್ನು ಪ್ರತಿಭಟಿಸಿ ವಿದ್ಯಾರ್ಥಿಗಳು ತರಗತಿ ಬಹಿಷ್ಕಾರಕ್ಕೆ ಕರೆ ಕೊಟ್ಟರು. ಸೆಪ್ಟೆಂಬರ್ 25ರಂದು ಕಾರಿನಲ್ಲಿ ಬಂದ ಪೊಲೀಸರು ಕ್ಯಾಂಪಸ್ಸಿನಿಂದ ಒಬ್ಬ ವಿದ್ಯಾರ್ಥಿಯನ್ನು ಎಳೆದೊಯ್ದರು. ಅವರು ಹುಡುಕಿಕೊಂಡು ಬಂದದ್ದು ಸಂಘದ ಅಧ್ಯಕ್ಷ ಡಿ.ಪಿ. ತ್ರಿಪಾಠಿಯವರನ್ನು, ಸಿಕ್ಕಿಬಿದ್ದವರು ಪ್ರಬೀರ್ ಪುರ್ಕಾಯಸ್ಥ. ತಪ್ಪು ವ್ಯಕ್ತಿ ಎಂದು ಗೊತ್ತಾದ ಮೇಲೂ ಬಿಡುಗಡೆಯಾಗಲಿಲ್ಲ. ಪುರ್ಕಾಯಸ್ಥ ಸುಮಾರು ಒಂದು ವರ್ಷ ಸೆರೆಮನೆಯಲ್ಲಿ ಕಳೆಯಬೇಕಾಯಿತು. ಮುಂದೆ ತ್ರಿಪಾಠಿಯವರ ಬಂಧನವೂ ಆಯಿತು. ತುರ್ತುಪರಿಸ್ಥಿತಿಯ ಅತಿರೇಕಗಳ ವಿಚಾರಣೆ ನಡೆಸಿದ ಶಾ ಆಯೋಗ ಈ ಪ್ರಕರಣವನ್ನೂ ಕೈಗೆತ್ತಿಕೊಂಡಿತ್ತು.

ಎರಡೇ ವರ್ಷಗಳಲ್ಲಿ ಚಿತ್ರ ಬದಲಾಯಿತು. 1977ರ ಮಾರ್ಚಿನಲ್ಲಿ ಇಂದಿರಾ ಗಾಂಧಿ ಸೋತರು. ಆದರೆ ಜೆಎನ್‌ಯುವಿನ ಕುಲಾಧಿಪತಿ ಸ್ಥಾನದಲ್ಲಿ ಮುಂದುವರಿದಿದ್ದರು. ಆಗ ವಿದ್ಯಾರ್ಥಿ ಸಂಘದ ಅಧ್ಯಕ್ಷರಾಗಿದ್ದ ಸೀತಾರಾಂ ಯೆಚೂರಿ ಮೆರವಣಿಗೆಯಲ್ಲಿ ಅವರ ಮನೆಗೆ ಹೋಗಿ, ರಾಜೀನಾಮೆ ಕೇಳುವ ಮನವಿಯನ್ನು ಅವರೆದುರೇ ಓದಿದರು. ಕುರ್ತಾ ತೊಟ್ಟ ಯುವಕ ಓದುತ್ತಿರುವುದು, ಇಂದಿರಾ ಪಕ್ಕದಲ್ಲಿ ನಿಂತು ಕೇಳುತ್ತಿರುವುದು, ಆ ಛಾಯಾಚಿತ್ರ ಈಗಲೂ ಪ್ರಸಿದ್ಧ. ಆಮೇಲೆ ಇಂದಿರಾ ಆ ಸ್ಥಾನ ತೊರೆದರು.

ಸಂಘದ ಗಳಿಕೆಗಳು ಇಂಥ ನಾಟಕೀಯ ಗಳಿಗೆಗಳಲ್ಲಿ ಮಾತ್ರ ಇರಲಿಲ್ಲ. ಹಿಂದುಳಿದ ಪ್ರದೇಶಗಳಿಂದ, ಬಡ ಕುಟುಂಬಗಳಿಂದ ಬಂದವರಿಗೆ ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚುವರಿ ಅಂಕ ಕೊಡುವ ಪದ್ಧತಿ 1970ರ ದಶಕದಲ್ಲಿ ಜಾರಿಗೆ ಬಂದದ್ದರ ಹಿಂದೆ ಸಂಘದ ಒತ್ತಾಯವಿತ್ತು. 1983ರಲ್ಲಿ ದೊಡ್ಡ ಸಂಘರ್ಷವೇ ನಡೆದು ನೂರಾರು ವಿದ್ಯಾರ್ಥಿಗಳು ತಿಹಾರ್ ಜೈಲು ಸೇರಿದರು; ಹಾಸ್ಟೆಲುಗಳನ್ನು ಖಾಲಿ ಮಾಡಿಸಲಾಯಿತು; ಆ ಪ್ರವೇಶ ಪದ್ಧತಿಯನ್ನೂ ಕೈಬಿಡಲಾಯಿತು. ಅದನ್ನು ಮತ್ತೆ ತರಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ವರ್ಷವರ್ಷವೂ ಅಭ್ಯರ್ಥಿಗಳು ಬದಲಾಗುತ್ತಿದ್ದರೂ ಬೇಡಿಕೆ ಮಾತ್ರ ಒಂದು ಸಂಘದಿಂದ ಮುಂದಿನ ಸಂಘಕ್ಕೆ ದಾಟುತ್ತ ಬಂತು.

ಆ ಕಾಲದ ಒಬ್ಬ ನಾಯಕ ಚಂದ್ರಶೇಖರ್ ಪ್ರಸಾದ್. ಬಿಹಾರದ ಸಿವಾನ್ ಜಿಲ್ಲೆಯವರು. ಒಮ್ಮೆ ಉಪಾಧ್ಯಕ್ಷ, ಮತ್ತೆರಡು ಸಲ ಅಧ್ಯಕ್ಷರಾಗಿ ಆಯ್ಕೆಯಾದ ಅವರು ದೆಹಲಿಯಲ್ಲಿ ಉಳಿಯದೆ ಊರಿಗೆ ಮರಳಿ ಪಕ್ಷದ ಕೆಲಸಕ್ಕಿಳಿದರು. 1997ರ ಮಾರ್ಚ್ 31ರಂದು ಸಿವಾನ್ ಪಟ್ಟಣದ ಬೀದಿ ಸಭೆಯೊಂದರಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಮೆಸ್ಸಿನಲ್ಲಿ ಮಾತಾಡಲು ಕಲಿತದ್ದನ್ನು ಬೀದಿಯಲ್ಲಿ ಮಾತಾಡಿದ್ದಕ್ಕೆ ತೆತ್ತ ಬೆಲೆ ಅದು.

ಲಿಂಗ್ಡೊ ಸಮಿತಿಯ ಲೆಕ್ಕಾಚಾರ

ದೇಶದ ಎಲ್ಲ ಕ್ಯಾಂಪಸ್ಸುಗಳೂ ಜೆಎನ್‌ಯುವಿನಂತೆ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಹಣ, ತೋಳ್ಬಲ, ಕಾರುಗಳ ಸಾಲು, ಮುದ್ರಿತ ಪೋಸ್ಟರುಗಳ ಹೊದಿಕೆ ಇವು ಅನೇಕ ಕಡೆ ವಿದ್ಯಾರ್ಥಿ ಚುನಾವಣೆಯ ಗುರುತುಗಳಾದವು. ಕೇರಳ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಕಾಲೇಜು ಪ್ರಾಂಶುಪಾಲರ ನಡುವಿನ ಮೊಕದ್ದಮೆಯೊಂದು ಸುಪ್ರೀಂ ಕೋರ್ಟಿಗೆ ಬಂದಾಗ, ವಿದ್ಯಾರ್ಥಿ ಚುನಾವಣೆಗೆ ನಿಯಮ ರೂಪಿಸಲು ಸಮಿತಿ ನೇಮಿಸುವಂತೆ 2005ರ ಡಿಸೆಂಬರಿನಲ್ಲಿ ಕೋರ್ಟು ಸೂಚಿಸಿತು. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಅದರ ಅಧ್ಯಕ್ಷರಾದರು. 2006ರ ಮೇ ತಿಂಗಳಲ್ಲಿ ವರದಿ ಸಿದ್ಧವಾಯಿತು. ಕೋರ್ಟು ಅದನ್ನು ಪರಿಶೀಲಿಸುವ ಮುನ್ನವೇ, ಆಗಸ್ಟ್ 26ರಂದು ಉಜ್ಜಯಿನಿಯ ಮಾಧವ ಕಾಲೇಜಿನಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಯ ಗಲಾಟೆಯಲ್ಲಿ ಪ್ರೊ. ಎಚ್.ಎಸ್. ಸಭರ್‌ವಾಲ್ ಹಲ್ಲೆಗೊಳಗಾಗಿ ಸತ್ತರು. ಸೆಪ್ಟೆಂಬರ್ 22ರಂದು ಕೋರ್ಟು ಶಿಫಾರಸುಗಳ ಜಾರಿಗೆ ಆದೇಶ ನೀಡಿತು.

ಶಿಫಾರಸುಗಳು ನಿಖರವಾಗಿದ್ದವು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಮುದ್ರಿತ ಪೋಸ್ಟರ್ ಕೂಡದು, ಕೈಬರಹದ್ದು ಮಾತ್ರ. ಧ್ವನಿವರ್ಧಕ, ವಾಹನ, ಪ್ರಾಣಿಗಳನ್ನು ಪ್ರಚಾರಕ್ಕೆ ಬಳಸಬಾರದು. ಶೇ 75ರಷ್ಟು ಹಾಜರಾತಿ ಇರಬೇಕು. ಪದವಿ ವಿದ್ಯಾರ್ಥಿಗೆ 22 ವರ್ಷ, ಸಂಶೋಧನಾ ವಿದ್ಯಾರ್ಥಿಗೆ 28 ವರ್ಷ ಗರಿಷ್ಠ ವಯಸ್ಸು. ಪದಾಧಿಕಾರಿ ಸ್ಥಾನಕ್ಕೆ ಒಂದೇ ಸಲ ಸ್ಪರ್ಧೆ. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲವೂ ಹತ್ತು ದಿನಗಳಲ್ಲಿ ಮುಗಿಯಬೇಕು.

ನಿಯಮ ಬಂದ ಮಾತ್ರಕ್ಕೆ ಪಾಲನೆ ಬರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಂಘಕ್ಕೆ ಮತದಾನವಾದರೂ, ಪೋಸ್ಟರ್ ಮತ್ತು ಬಣ್ಣಗಳಿಂದ ಹಾಳಾದ ಗೋಡೆಗಳನ್ನು ಸ್ವಚ್ಛಗೊಳಿಸುವವರೆಗೆ ಎಣಿಕೆ ಬೇಡವೆಂದು ಹೈಕೋರ್ಟು ತಡೆಯಿತು. ಫಲಿತಾಂಶ ಹೊರಬಿದ್ದದ್ದು ಎರಡು ತಿಂಗಳ ನಂತರ.

ಇನ್ನೊಂದು ಕಡೆ, ನಿಯಮದ ಹೊಡೆತ ಬಿದ್ದದ್ದು ಕೈಬರಹದ ಪೋಸ್ಟರನ್ನು ದಶಕಗಳಿಂದ ರೂಢಿಸಿಕೊಂಡಿದ್ದ ಜೆಎನ್‌ಯು ಮೇಲೆ. ಚಿಕ್ಕ ಕ್ಯಾಂಪಸ್ಸುಗಳಲ್ಲಿ ನೇರ ಚುನಾವಣೆ ನಡೆಯಬಹುದು ಎನ್ನುವಾಗ ಲಿಂಗ್ಡೊ ಸಮಿತಿ ಉದಾಹರಣೆಯಾಗಿ ಹೆಸರಿಸಿದ್ದು ಅದೇ ಜೆಎನ್‌ಯುವನ್ನು. ಆದರೂ ವಯಸ್ಸು, ಮರುಸ್ಪರ್ಧೆ ಮುಂತಾದ ನಿಯಮಗಳನ್ನು ಪಾಲಿಸಿಲ್ಲವೆಂದು 2008ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅಲ್ಲಿನ ಚುನಾವಣೆಗೆ ತಡೆ ನೀಡಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಚುನಾಯಿತ ಸಂಘವೇ ಇರಲಿಲ್ಲ. ಕೆಲವು ಸಡಿಲಿಕೆಗಳು ದೊರೆತ ಬಳಿಕ 2012ರ ಮಾರ್ಚಿನಲ್ಲಿ ಮತ್ತೆ ಮತದಾನ ನಡೆಯಿತು.

ಮೇಲಿನಿಂದ ಬಂದ ನಿಯಮಕ್ಕೂ ತಾವೇ ಬರೆದುಕೊಂಡ ನಿಯಮಕ್ಕೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ತಾನು ಒಪ್ಪಿ ಬರೆದ ನಿಯಮವನ್ನು ಮುರಿಯುವವನಿಗೆ ಸಹಪಾಠಿಗಳ ಮುಖ ನೋಡಬೇಕಾದ ನಾಚಿಕೆ ಇರುತ್ತದೆ. ಹೊರಗಿನವರು ಹೇರಿದ ನಿಯಮ ಅನೇಕರಿಗೆ ತಪ್ಪಿಸಿಕೊಳ್ಳುವ ದಾರಿ ಹುಡುಕುವ ಪಂದ್ಯವಾಗುತ್ತದೆ.

ಅಂಕಪಟ್ಟಿಯ ಪ್ರತಿನಿಧಿ

ಮತ್ತೆ ಕರ್ನಾಟಕಕ್ಕೆ ಬರೋಣ. ನಿಷೇಧದ ನಂತರ ಇಲ್ಲಿನ ಕಾಲೇಜುಗಳಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳು ಇಲ್ಲವೆಂದಲ್ಲ. ಹೆಚ್ಚಿನ ಕಡೆ ಅವರನ್ನು ನಾಮಕರಣ ಮಾಡಲಾಗುತ್ತದೆ. ಹಲವು ಕಡೆ ಹೆಚ್ಚು ಅಂಕ ಪಡೆದವರೇ ಪ್ರತಿನಿಧಿ. ಜಗಳವಿಲ್ಲ, ಖರ್ಚಿಲ್ಲ, ಪ್ರಾಂಶುಪಾಲರಿಗೂ ನೆಮ್ಮದಿ. ಆದರೆ ಹೀಗೆ ಬಂದ ಪ್ರತಿನಿಧಿ ಯಾರಿಗೆ ಉತ್ತರ ಹೇಳಬೇಕು? ಹಾಸ್ಟೆಲಿನ ಊಟ ಕೆಟ್ಟರೆ, ಫಲಿತಾಂಶ ತಡವಾದರೆ, ಶುಲ್ಕ ಏರಿದರೆ ಸಹಪಾಠಿಗಳು ಅವನನ್ನು ಕೇಳುವಂತಿಲ್ಲ, ಏಕೆಂದರೆ ಅವರು ಅವನನ್ನು ಕಳಿಸಿದವರಲ್ಲ. ಆಡಳಿತವನ್ನು ಅವನು ಗದರಿಸಿ ಕೇಳುವಂತೆಯೂ ಇಲ್ಲ, ಏಕೆಂದರೆ ಅವನನ್ನು ನೇಮಿಸಿದ್ದೇ ಅದು.

ಲಿಂಗ್ಡೊ ಸಮಿತಿ ಈ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಶಾಂತಿಯುತ ಚುನಾವಣೆ ಸಾಧ್ಯವಿಲ್ಲದ ಕಡೆ ನಾಮಕರಣ ಪದ್ಧತಿ ಇರಬಹುದು. ಆದರೆ ಅದಕ್ಕೆ ಅಂಕವೊಂದೇ ಆಧಾರವಾಗುವುದು ಸೂಕ್ತವಲ್ಲ. ಅದು ತಾತ್ಕಾಲಿಕ ಏರ್ಪಾಡಷ್ಟೇ; ಐದು ವರ್ಷಗಳ ಅವಧಿಯಲ್ಲಿ ಎಲ್ಲ ಸಂಸ್ಥೆಗಳೂ ಚುನಾವಣಾ ಪದ್ಧತಿಗೆ ಬದಲಾಗಬೇಕು. ಆ ಐದು ವರ್ಷಗಳು 2011ಕ್ಕೇ ಮುಗಿದವು. ನಿಷೇಧ ತೆರವುಗೊಳಿಸುವ ಮಾತು ಆಗಾಗ ಎದ್ದು ತಣ್ಣಗಾಗುತ್ತ ಬಂದಿದೆ. 2025ರ ಕೊನೆಯಲ್ಲೂ ರಾಜ್ಯ ಸರ್ಕಾರದ ಹಿರಿಯರಿಂದಲೇ ಆ ಮಾತು ಕೇಳಿಬಂತು.

ಚುನಾವಣೆ ಮರಳಿ ಬಂದರೆ ಹಳೆಯ ಹೊಡೆದಾಟವೂ ಮರಳೀತು ಎಂಬ ಅಂಜಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉಜ್ಜಯಿನಿಯ ಸಾವು ಕಣ್ಣೆದುರಿಗಿದೆ. ಆದರೆ ಮತಪೆಟ್ಟಿಗೆಯನ್ನು ಎತ್ತಿಟ್ಟ ಮಾತ್ರಕ್ಕೆ ಜಾತಿಯಾಗಲೀ ಪಕ್ಷವಾಗಲೀ ಕ್ಯಾಂಪಸ್ ಬಿಟ್ಟು ಹೋಗುವುದಿಲ್ಲ. ಅವು ಬಹಿರಂಗವಾಗಿ ಪ್ರಶ್ನೆಗೆ ಉತ್ತರ ಕೊಡಬೇಕಾದ ಸಂದರ್ಭ ಮಾತ್ರ ಇಲ್ಲವಾಗುತ್ತದೆ.

ನಾಮಪತ್ರ ಸಲ್ಲಿಸುವ ಹತ್ತು ವಿದ್ಯಾರ್ಥಿಗಳಲ್ಲಿ ಒಂಬತ್ತು ಮಂದಿ ಸೋಲುವವರೇ. ಮರುದಿನ ಗೆದ್ದವನ ಪಕ್ಕದ ಬೆಂಚಿನಲ್ಲೇ ಅವರು ಕುಳಿತು ಪಾಠ ಕೇಳಬೇಕು. ಸೋತು ಸುಮ್ಮನಿರುವುದು, ಗೆದ್ದು ಉತ್ತರ ಹೇಳುವುದು, ಇವೆರಡೂ ಅಭ್ಯಾಸದಿಂದ ಬರತಕ್ಕವು. 1990ರಿಂದ ಈಚೆಗೆ ಕರ್ನಾಟಕದಲ್ಲಿ ಪದವಿ ಪಡೆದ ಬಹುತೇಕರು ಈ ಅಭ್ಯಾಸವಿಲ್ಲದೆಯೇ ನೇರವಾಗಿ ದೊಡ್ಡ ಚುನಾವಣೆಗಳ ಮತದಾರರಾಗಿದ್ದಾರೆ, ಕೆಲವರು ಅಭ್ಯರ್ಥಿಗಳೂ ಆಗಿದ್ದಾರೆ.